ರಂಗನತಿಟ್ಟು: ಹಕ್ಕಿಗಳ ತವರುಮನೆ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ಹೆಸರನ್ನು ಕೇಳಿದವರಿಗೆ ಅಲ್ಲಿನ ವೆಂಕಟರಮಣಸ್ವಾಮಿಯ ಗುಡಿ, ದನಗಳ ಜಾತ್ರೆ, ಕಟ್ಟೆಯ ಮೇಲಿಂದ ಧುಮುಕುವ ಹೇಮಾವತಿ ಇವು ನೆನಪಿಗೆ ಬರುವುದು ಸಹಜ. ಆಷಾಢದ ಒಂದು ಮುಂಜಾನೆ ನಾವು ಕುಟುಂಬಸಮೇತರಾಗಿ ಆ ಕಟ್ಟೆಯ ಬಳಿ ನಿಂತಿದ್ದೆವು. ಹೊಳೆಯ ನೀರು ಬೆಲ್ಲದ ಪಾಕದಂತೆ ಕೆಂಪಾಗಿ, ನೊರೆಗಟ್ಟಿ, ಸದ್ದು ಮಾಡುತ್ತಾ ಹರಿಯುತ್ತಿತ್ತು. ಹತ್ತಿರದ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮ ಸೋದರಮಾವನವರು, “ಇಲ್ಲಿಂದ ಎಲ್ಲಿಗಯ್ಯ ಪ್ರಯಾಣ?” ಎಂದು ಕೇಳಿದರು. ರಂಗನತಿಟ್ಟಿಗೆ ಹೋಗಿ ಮಕ್ಕಳಿಗೆ ಹಕ್ಕಿಗಳನ್ನು ತೋರಿಸಬೇಕೆಂದಿದ್ದೇನೆ ಎಂದೆ. ಮಾವ ಹೊಳೆಯ ಕಡೆ ಕೈ ತೋರಿಸಿ ನಕ್ಕರು. “ಈ ನೀರು ನೋಡಿಯೂ ಹೊರಟೆಯಲ್ಲ! ನೀನು ಹೋಗುವಷ್ಟರಲ್ಲಿ ಇದರ ಸುದ್ದಿ ಅಲ್ಲಿಗೆ ಮುಟ್ಟಿರುತ್ತೆ.”

ಆ ಮಾತಿನ ಅರ್ಥ ನನಗೆ ಹೊಳೆದದ್ದು ಮಧ್ಯಾಹ್ನ, ಶ್ರೀರಂಗಪಟ್ಟಣವನ್ನು ದಾಟಿ ಮೂರು ಕಿಲೋಮೀಟರು ಹೋಗಿ ಪಕ್ಷಿಧಾಮದ ಬಾಗಿಲಲ್ಲಿ ಇಳಿದಾಗ. ದೋಣಿವಿಹಾರ ನಿಂತಿತ್ತು. ಹೇಮಗಿರಿಯನ್ನು ಹಾದ ನೀರು ಅಂಬಿಗರಹಳ್ಳಿಯ ಸಂಗಮದ ಬಳಿ ಕಾವೇರಿ, ಲಕ್ಷ್ಮಣತೀರ್ಥಗಳೊಡನೆ ಕೂಡಿ ಕನ್ನಂಬಾಡಿಯ ಜಲಾಶಯವನ್ನು ಸೇರುತ್ತದೆ. ಕಟ್ಟೆ ತುಂಬಿದ ಮೇಲೆ ಬಾಗಿಲು ತೆರೆಯಲೇ ಬೇಕು. ತೆರೆದರೆ ಆ ನೀರಿನ ದಾರಿಯಲ್ಲಿಯೇ ರಂಗನತಿಟ್ಟು ಇದೆ. 2018 ಮತ್ತು 2019ರ ಮಳೆಗಾಲಗಳಲ್ಲಿ ಕಟ್ಟೆಯಿಂದ ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಹರಿದಾಗ ಇಲ್ಲಿನ ನಡುಗಡ್ಡೆಗಳು ಪ್ರವಾಹಕ್ಕೆ ಸಿಕ್ಕಿದ್ದುಂಟು.

ನಾವು ದಡದ ಬೇಲಿಯ ಹಿಂದೆ ನಿಂತು ನೋಡಿದೆವು. ನದಿಯ ನಡುವಿನ ಒಂದು ತಗ್ಗು ತಿಟ್ಟಿನಲ್ಲಿ ಪೊದೆಗಳ ಅರ್ಧ ಭಾಗ ಆಗಲೇ ಮುಳುಗಿತ್ತು. ಪ್ರವಾಹದ ಸೆಳೆತಕ್ಕೆ ಕೊಂಬೆಗಳು ತೂಗಾಡುತ್ತಿದ್ದವು. ಆ ಕೊಂಬೆಗಳಲ್ಲಿ ಕಡ್ಡಿಗಳಿಂದ ಹೆಣೆದ ಒಂದು ಗೂಡು, ಅದರಲ್ಲಿ ಒಂದು ಹಕ್ಕಿ; ನೀರು ಗೂಡಿನಿಂದ ಗೇಣು ಕೆಳಗೆ ಮಾತ್ರ ಇದ್ದೀತು. ನನ್ನ ಕಿರಿಯ ಮಗಳು, “ಅದಕ್ಕೆ ರೆಕ್ಕೆ ಇದೆಯಲ್ಲ ಅಪ್ಪ, ಯಾಕೆ ಹಾರಿಹೋಗುತ್ತಿಲ್ಲ?” ಎಂದು ಕೇಳಿದಳು. ಅವಳ ತಾಯಿ ಉತ್ತರ ಹೇಳಲಿಲ್ಲ, ಅವಳ ಕೈ ಹಿಡಿದುಕೊಂಡಳು. ಕತ್ತಲಾಗುವ ಮುನ್ನ ನಾವು ಮೈಸೂರಿಗೆ ಹೊರಟುಬಿಟ್ಟೆವು. ಆ ಗೂಡಿನ ಗತಿ ಏನಾಯಿತೋ ನೋಡಲಾಗಲಿಲ್ಲ.

ಈ ಪ್ರಶ್ನೆಯೇ ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯಿತೆಂದರೆ ತಪ್ಪಾಗಲಾರದು. ಒಂದು ವರ್ಷದಲ್ಲಿ ನಾಲ್ಕು ಸಲ ಹೋಗಿ ಬಂದೆವು. ರಂಗನತಿಟ್ಟನ್ನು ಒಮ್ಮೆ ನೋಡಿ ಬಂದವರು ಅದನ್ನು ಕಂಡಂತಲ್ಲ ಎಂಬುದು ಈಗ ನನ್ನ ಅಭಿಪ್ರಾಯ.

ಸ್ಥಳದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಈ ತಿಟ್ಟುಗಳು ಸಂಪೂರ್ಣ ಪ್ರಕೃತಿಯ ಕೃತಿಯಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರು 1645ರಿಂದ 1648ರವರೆಗೆ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದ ಮೇಲೆ ನದಿಯ ಪಾತ್ರದಲ್ಲಿ ಈ ನಡುಗಡ್ಡೆಗಳು ರೂಪುಗೊಂಡವು. ಅರಸರು ಯೋಚಿಸಿದ್ದು ಪೈರಿಗೆ ನೀರನ್ನು. ಅದರ ಜೊತೆಗೆ ಕಾಡುಬೆಕ್ಕು, ನರಿಗಳು ಸುಲಭವಾಗಿ ಬರಲಾರದ ಮನೆ ಹಕ್ಕಿಗಳಿಗೆ ದೊರೆಯಿತು. ಸುತ್ತಲಿನ ನೀರಿನಲ್ಲಿ ಮೊಸಳೆಗಳ ಕಾವಲು ಬೇರೆ. (ಗೂಡಿನಿಂದ ಮರಿ ಜಾರಿ ಬಿದ್ದರೆ ಈ ಕಾವಲುಗಾರರೇ ಅದನ್ನು ನುಂಗುತ್ತಾರೆ, ಅದು ಬೇರೆಯ ಮಾತು.) ಪ್ರಸಿದ್ಧ ಪಕ್ಷಿತಜ್ಞ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದಾಗ ಈ ತಾಣದ ಮಹತ್ವವನ್ನು ಗುರುತಿಸಿ ಅರಸರ ಮನವೊಲಿಸಿದರು. ಅದರ ಫಲವಾಗಿ 1940ರಲ್ಲಿ ಇದು ಪಕ್ಷಿಧಾಮವಾಯಿತು. ವಿಸ್ತಾರ ಮುಕ್ಕಾಲು ಚದರ ಕಿಲೋಮೀಟರಿಗೂ ಕಡಿಮೆ. ಆದರೂ 2022ರಲ್ಲಿ, ಜಗತ್ತಿನ ಮುಖ್ಯ ಜೌಗುನೆಲೆಗಳನ್ನು ಹೆಸರಿಸುವ ರಾಮ್ಸರ್ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ ಹೆಮ್ಮೆ ಇದರದು.

ಎರಡನೆಯ ಸಲ ಹೋದದ್ದು ಮಾಘಮಾಸದಲ್ಲಿ. ಹೊಳೆ ತಿಳಿಯಾಗಿ, ಸೌಮ್ಯವಾಗಿ, ಆಷಾಢದ ಹೊಳೆ ಇದೇನೇ ಎಂದು ಸಂಶಯ ಪಡುವಂತಿತ್ತು. ಬೆಳಗಿನ ಮೊದಲ ದೋಣಿಯನ್ನೇ ಏರಿದೆವು. ಹುಟ್ಟು ಹಾಕುವ ಅಂಬಿಗರು ಹಕ್ಕಿಗಳನ್ನು ಹೆಸರು ಹಿಡಿದು ಗುರುತಿಸುತ್ತಾರೆ; ಅವರ ಮಾತನ್ನು ಕೇಳುವ ತಾಳ್ಮೆ ಇದ್ದವರಿಗೆ ಪುಸ್ತಕ ಬೇಕಿಲ್ಲ. ನದಿಯ ನಡುವೆ ಒಣಗಿದ ಕೊಂಬೆಯೊಂದರ ಮೇಲೆ ಹಾವಕ್ಕಿ ರೆಕ್ಕೆಗಳನ್ನು ಬಿಚ್ಚಿ, ಒಗೆದ ಪಂಚೆಯನ್ನು ಹರವಿದಂತೆ ಕುಳಿತಿತ್ತು. ಅದರ ಗರಿಗಳು ನೀರನ್ನು ಹೀರಿಕೊಳ್ಳುವುದರಿಂದ ಮುಳುಗಿ ಮೀನು ಹಿಡಿಯಲು ಅನುಕೂಲ. ಮೇಲೆದ್ದ ಮೇಲೆ ಮಾತ್ರ ಬಿಸಿಲಿಗೆ ಒಣಗಿಸಿಕೊಳ್ಳದೆ ಗತಿಯಿಲ್ಲ. ಬಂಡೆಗಳ ಒಳಮೈಗೆ ಕವಲುತೋಕೆಗಳು ಕೆಸರಿನ ಉಂಡೆಗಳನ್ನು ಮೆತ್ತಿ ಸೀಸೆಗಳಂತಹ ಗೂಡುಗಳನ್ನು ಸಾಲಾಗಿ ಕಟ್ಟಿದ್ದವು. ಎತ್ತರದ ಮರಗಳಲ್ಲಿ ಬಾವಲಿಗಳು ತಲೆಕೆಳಗಾಗಿ ಜೋತಾಡುತ್ತಾ ಹಗಲಿನಲ್ಲೂ ಜಗಳವಾಡುತ್ತಿದ್ದವು.

ಆ ಕಾಲದ ದೊಡ್ಡ ನೆಂಟರೆಂದರೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು. ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲ ಮೀನನ್ನು ಹೊತ್ತು ತಿರುಗುವ ಸಂಚಿಯೆಂದು ನಾವೆಲ್ಲ ಭಾವಿಸಿರುತ್ತೇವೆ. ವಾಸ್ತವವಾಗಿ ಅದು ನೀರನ್ನೂ ಮೀನನ್ನೂ ಒಟ್ಟಿಗೆ ಮೊಗೆಯುವ ಬಲೆ. ನೀರು ಚೆಲ್ಲಿದ ಮೇಲೆ ಮೀನು ಹೊಟ್ಟೆಗೆ ಇಳಿಯುತ್ತದೆ. ಬಣ್ಣದ ಕೊಕ್ಕರೆಯ ಮೈ ಬಿಳುಪು, ರೆಕ್ಕೆಗಳಲ್ಲಿ ಕಪ್ಪು, ಬಾಲದ ಬಳಿ ಗುಲಾಲು ಎರಚಿದಂತಹ ಕೆಂಪು. ಇಷ್ಟು ಅಲಂಕಾರವಿದ್ದರೂ ದೊಡ್ಡದಾದ ಮೇಲೆ ಅದಕ್ಕೆ ಕಂಠವೇ ಇಲ್ಲವೆನ್ನಬಹುದು. ಸಂಗಾತಿ ಗೂಡಿಗೆ ಬಂದಾಗ ಕೊಕ್ಕನ್ನು ಪಟಪಟನೆ ಬಡಿದು ಸ್ವಾಗತಿಸುತ್ತದೆ. ಗದ್ದಲವೆಲ್ಲ ಮರಿಗಳದು. ಒಟ್ಟಿನಲ್ಲಿ ನಮ್ಮ ಮನೆಯ ಹಾಗೆಯೇ ಎಂದು ನನ್ನ ಹೆಂಡತಿ ಹೇಳಿದಾಗ ಅಂಬಿಗನೂ ನಕ್ಕ.

ಅಲ್ಲಿಂದ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೂ ಹೋಗಿದ್ದೆವು. ಅಲ್ಲಿ ಇದೇ ಜಾತಿಯ ಹಕ್ಕಿಗಳು ಹೊಳೆಯ ರಕ್ಷಣೆಯಿಲ್ಲದೆ ಊರ ನಡುವಿನ ಹುಣಿಸೆಮರಗಳಲ್ಲಿ, ಮನೆಗಳ ಸೂರಿನ ಪಕ್ಕದಲ್ಲಿಯೇ ಸಂಸಾರ ಹೂಡುತ್ತವೆ. ಬಾಣಂತಿತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಅವನ್ನು ಕಾಣುತ್ತಾರೆ. 2007ರಲ್ಲಿ ಆ ಊರು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಈ ಲೇಖನದ ತಲೆಬರಹವನ್ನು ನಾನು ಎರವಲು ತಂದದ್ದು ಆ ಊರಿನವರಿಂದ.

ವೈಶಾಖದ ಬಿಸಿಲಿನಲ್ಲಿ ಮೂರನೆಯ ಭೇಟಿ. ನೋಡಲು ಯೋಗ್ಯವಾದ ಕಾಲವಲ್ಲವೆಂದು ಹಲವರು ಹೇಳಿದ್ದರು. ನನಗೆ ಅತ್ಯಂತ ಹಿಡಿಸಿದ್ದು ಅದೇ. ನೆತ್ತಿಯ ಮೇಲೆ ಸೂರ್ಯ ಸುಡುತ್ತಿದ್ದಾಗ ಕೊಕ್ಕರೆಯೊಂದು ಗೂಡಿನ ಅಂಚಿನಲ್ಲಿ ನಿಂತು, ಸೂರ್ಯನಿಗೆ ಬೆನ್ನು ಮಾಡಿ, ಎರಡೂ ರೆಕ್ಕೆಗಳನ್ನು ಅರಳಿಸಿ ಮರಿಗಳಿಗೆ ನೆರಳಾಗಿತ್ತು. ನಾವು ತಿರುಗಿ ಬರುವಾಗಲೂ ಅದು ಹಾಗೆಯೇ ನಿಂತಿತ್ತು. ಸಂಗಾತಿ ಹೊಳೆಯಿಂದ ನೀರು ನುಂಗಿ ತಂದು ಮರಿಗಳ ಮೇಲೆ ಕಾರಿತು. ಮಗಳು ಈ ಸಲ ಪ್ರಶ್ನೆ ಕೇಳಲಿಲ್ಲ. ಆದರೆ ಪಕ್ಕದ ದೋಣಿಯಲ್ಲಿದ್ದ ಯುವಕರು ಮೊಬೈಲಿನಲ್ಲಿ ಹಾಡು ಹಾಕಿದಾಗ, “ಸ್ವಲ್ಪ ನಿಲ್ಲಿಸಿ ಅಣ್ಣ, ಅಲ್ಲಿ ಪಾಪು ಮಲಗಿದೆ” ಎಂದು ಕೂಗಿ ಹೇಳಿದಳು. ಅವರು ನಿಲ್ಲಿಸಿದರು.

ಜ್ಯೇಷ್ಠದ ಕೊನೆಯಲ್ಲಿ ನಾಲ್ಕನೆಯ ಸಲ ಹೋದಾಗ ಮರಗಳ ನಿವಾಸಿಗಳು ಬದಲಾಗಿದ್ದರು. ಚಮಚಕೊಕ್ಕುಗಳು, ಬಕಗಳು, ಬೆಳ್ಳಕ್ಕಿಗಳ ಜೊತೆಗೆ ಬಾಯ್ಕಳಕಗಳು ಕಡ್ಡಿ ಕಚ್ಚಿಕೊಂಡು ಓಡಾಡುತ್ತಿದ್ದವು. ಬಾಯ್ಕಳಕದ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಮರಿಗೆ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಇದರ ಮುಖ್ಯ ಆಹಾರ ಗದ್ದೆಯ ಬಸವನಹುಳು.

ಇಲ್ಲಿಯೇ ನನಗೆ ಮಾವನ ನಗುವಿನ ಒಳಗುಟ್ಟು ಪೂರ್ತಿಯಾಗಿ ತಿಳಿದದ್ದು. ನಾಲೆಗಳಿಗೆ ನೀರು ಬಿಟ್ಟು, ಪಾಂಡವಪುರ, ಶ್ರೀರಂಗಪಟ್ಟಣದ ಬಯಲುಗಳಲ್ಲಿ ನಾಟಿ ನಡೆದಾಗಲೇ ಗದ್ದೆಗಳಲ್ಲಿ ಬಸವನಹುಳು, ಕಪ್ಪೆ, ಮೀನುಮರಿಗಳು ಸಮೃದ್ಧವಾಗುವುದು. ಮರಿಗಳ ಹೊಟ್ಟೆ ತುಂಬಬೇಕಾದರೆ ಹಕ್ಕಿಗಳು ಆ ವೇಳೆಗೇ ಮೊಟ್ಟೆಯಿಟ್ಟಿರಬೇಕು. ಆದರೆ ಅನ್ನ ಕೊಡುವ ಆ ನೀರೇ ತುಸು ಹೆಚ್ಚಾದರೆ ಗೂಡನ್ನು ಕೊಚ್ಚಿಕೊಂಡು ಹೋಗುತ್ತದೆ. ಮುಂಚೆ ಬಂದರೆ ಉಪವಾಸ, ತಡಮಾಡಿದರೆ ಪ್ರವಾಹ! ಮಣ್ಣು ಕೊರೆದುಹೋದ ತಿಟ್ಟುಗಳ ಅಂಚಿಗೆ ಅರಣ್ಯ ಇಲಾಖೆಯವರು ಮರಳುಮೂಟೆ ಜೋಡಿಸಿ ಭದ್ರಪಡಿಸುತ್ತಾರೆ, ಹೊಸ ಗಿಡಗಳನ್ನು ನೆಡುತ್ತಾರೆ. ಹೊಳೆಮತ್ತಿಯಂತಹ ಗಟ್ಟಿ ಬೇರಿನ ಮರವೊಂದು ಉಳಿದರೆ ಅದರೊಡನೆ ಹತ್ತಾರು ಸಂಸಾರಗಳು ಉಳಿದಂತೆ.

ಆ ದಿನ ದೋಣಿ ತಗ್ಗು ತಿಟ್ಟಿನ ಬಳಿ ಬಂದಾಗ ಮಗಳು ಥಟ್ಟನೆ ಎದ್ದು ನಿಂತಳು. ಅಂಬಿಗ ಗದರಿಸಿ ಕೂರಿಸಿದ. ಹಿಂದಿನ ವರ್ಷ ಮುಳುಗುತ್ತಿದ್ದ ಅದೇ ಪೊದೆಯಲ್ಲಿ, ಅದೇ ಕವಲಿನಲ್ಲೆಂದು ಅವಳ ವಾದ, ಹೊಸ ಗೂಡೊಂದು ಅರ್ಧ ಎದ್ದಿತ್ತು. “ಅದೇ ಹಕ್ಕಿಯಾ?” ಎಂದು ಕೇಳಿದಳು. “ಅದೇ ಅಂತ ಹೆಂಗೆ ಹೇಳಾನವ್ವ,” ಎಂದ ಅಂಬಿಗ, “ಆದರೆ ಜಾಗ ಮಾತ್ರ ಅವಕ್ಕೆ ಗೊತ್ತು.”

ಅದಾದ ಮೂರು ವಾರಕ್ಕೆ ಮಾವನಿಂದ ಫೋನು ಬಂತು. ಕ್ಷೇಮ ಸಮಾಚಾರವಾದ ಮೇಲೆ ಅವರು ಮಗಳನ್ನು ಕರೆಯಲು ಹೇಳಿ, ಹೇಮಗಿರಿಯಲ್ಲಿ ನೀರು ಇನ್ನೂ ತಿಳಿಯಾಗಿಯೇ ಇದೆಯೆಂದು ಅವಳಿಗೆ ತಿಳಿಸಿದರು. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಗುರುತು ಹಾಕಿ, “ನಾಳೆಯೂ ನೋಡಿ ಹೇಳಿ ತಾತ” ಎಂದಳು.