ಹಡಗಲ್ಲ, ತೇಲೋ ಊರು!

ಅಮೆರಿಕದ ಮಿಯಾಮಿ ಬಂದರಿನಿಂದ 2024ರ ಜನವರಿ 27ರಂದು ಮೊದಲ ಪ್ರವಾಸ ಹೊರಟ ‘ಐಕಾನ್ ಆಫ್ ದಿ ಸೀಸ್’ ಹಡಗು ಕಂಡವರು ಮೂಗಿನ ಮೇಲೆ ಬೆರಳಿಟ್ಟರು. ರಾಯಲ್ ಕೆರಿಬಿಯನ್ ಕಂಪನಿಗಾಗಿ ಫಿನ್ಲೆಂಡಿನ ತುರ್ಕುವಿನಲ್ಲಿ ಕಟ್ಟಿದ ಇದರ ಉದ್ದ 365 ಮೀಟರು. ಅಂತಸ್ತು 20. ಪೂರ್ತಿ ಭರ್ತಿಯಾದರೆ 7,600 ಪ್ರಯಾಣಿಕರು. ಅಂದ್ರೆ 50 ಸೀಟಿನ ಬಸ್ಸು 152 ಬೇಕು! ಈಜುಕೊಳ 7, ನೀರಿನ ಜಾರುಬಂಡಿ 6.

ಸಣ್ಣ ಮಕ್ಕಳ ಸಂಸಾರಕ್ಕೆಂದೇ ‘ಸರ್ಫ್‌ಸೈಡ್’ ಎಂಬ ಬೇರೆ ಓಣಿ ಇದೆ. ಪುಟಾಣಿಗಳ ನೀರಾಟ, ತಿರುಗೋ ಕುದುರೆ, ಊಟ-ತಿಂಡಿ ಎಲ್ಲಾ ಒಂದೇ ಕಡೆ. ಅಪ್ಪ-ಅಮ್ಮ ಕೂತಲ್ಲಿಂದಲೇ ಕಣ್ಣಿಟ್ಟರಾಯ್ತು, ಹಿಂದೆ ಹಿಂದೆ ಓಡಬೇಕಿಲ್ಲ.

ಈ ಸೊಬಗಿಗೆ ಇನ್ನೊಂದು ಮಗ್ಗುಲೂ ಉಂಟು. ಹಡಗು ಓಡೋದು ದ್ರವರೂಪದ ನೈಸರ್ಗಿಕ ಅನಿಲದಿಂದ. ಹೊಗೆ, ಮಸಿ ಕಮ್ಮಿ, ನಿಜ. ಆದರೆ ಎಂಜಿನ್ನಿನಲ್ಲಿ ಉರಿಯದೆ ಸೋರುವ ಮೀಥೇನ್, 20 ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈ ಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತೆ. ಪರಿಸರದವರು ಆಗಲೇ ಎಚ್ಚರಿಸಿದ್ದರು.

ಮಕ್ಕಳ ಖುಷಿಗೆ ಕಟ್ಟಿದ ಹಡಗು, ಸರಿ. ನಾಳೆ ಬಿಸಿಯೇರಿದ ಭೂಮಿ ಮೇಲೆ ಬಾಳಬೇಕಾದವರೂ ಆ ಮಕ್ಕಳೇ ತಾನೆ?