ಮಾದರಿ ಜೆಟ್ ವಿಮಾನ: ಹೊಸಬರಿಗೆ ಯಾವ ಅಳತೆ ಸೂಕ್ತ?

ನೋಟಕ್ಕೆ ಅಪ್ಪಟ ಜೆಟ್ ವಿಮಾನ, ಹಾರುವಾಗ ಶಿಳ್ಳೆಯಂಥ ಸದ್ದು. ಆದರೆ ಒಳಗಿರುವುದು ಜೆಟ್ ಎಂಜಿನ್ ಅಲ್ಲ. ವಿದ್ಯುತ್ ಮೋಟಾರಿನಿಂದ ತಿರುಗುವ ಪುಟ್ಟ ಫ್ಯಾನ್. ರಿಮೋಟ್ ಮೂಲಕ ಹಾರಿಸುವ ಈ 'ಡಕ್ಟೆಡ್ ಫ್ಯಾನ್' ವಿಮಾನಗಳತ್ತ ಆಕರ್ಷಿತರಾಗುವ ಹೊಸಬರು, ಬೆಲೆ ಕಡಿಮೆಯೆಂದು ಚಿಕ್ಕ ವಿಮಾನದಿಂದಲೇ ಆರಂಭಿಸುವುದುಂಟು. ಚಿಕ್ಕದನ್ನು ಹಾರಿಸುವುದು ಸುಲಭ ಎಂಬ ಈ ಎಣಿಕೆ ತಪ್ಪು. ಅದರ ಬೆಲೆ ತಿಳಿಯುವುದು ಮೊದಲ ಹಾರಾಟದಲ್ಲೇ.

ಫ್ಯಾನಿನ ಲೆಕ್ಕಾಚಾರ

ಈ ವಿಮಾನಗಳನ್ನು ಗುರುತಿಸುವುದು ಫ್ಯಾನಿನ ವ್ಯಾಸದಿಂದ. 50, 64, 70, 80 ಮತ್ತು 90 ಮಿ.ಮೀ. ಸಾಮಾನ್ಯ ಅಳತೆಗಳು. ಕೊಳವೆಯೊಳಗಿನ ಫ್ಯಾನ್ ಮುಂದಿನಿಂದ ಗಾಳಿಯನ್ನು ಸೆಳೆದು ಹಿಂದಕ್ಕೆ ರಭಸದಿಂದ ತಳ್ಳುತ್ತದೆ. 70 ಮಿ.ಮೀ. ಫ್ಯಾನಿನ ವೃತ್ತವು 10 ಇಂಚಿನ ಸಾಮಾನ್ಯ ಪ್ರೊಪೆಲ್ಲರ್ ಸುತ್ತುವ ವೃತ್ತದ ಸುಮಾರು ಹದಿಮೂರನೇ ಒಂದು ಪಾಲು ಮಾತ್ರ. ಇಷ್ಟು ಕಿರಿದಾದ ದ್ವಾರದಿಂದ ಅಷ್ಟೇ ನೂಕುಬಲ ಪಡೆಯಬೇಕಾದರೆ ಗಾಳಿಯ ವೇಗ ಬಹಳ ಹೆಚ್ಚಬೇಕು. ವಿದ್ಯುತ್ತೂ ಅಷ್ಟೇ ಹೆಚ್ಚು ವ್ಯಯವಾಗುತ್ತದೆ.

ಮತ್ತೊಂದು ತೊಡಕೂ ಇದೆ. ಮೂತಿಯಲ್ಲಿರುವ ಪ್ರೊಪೆಲ್ಲರ್ ರೆಕ್ಕೆ ಹಾಗೂ ಬಾಲದ ಮೇಲೆ ಗಾಳಿ ಬೀಸುವುದರಿಂದ ನಿಧಾನಗತಿಯಲ್ಲೂ ವಿಮಾನ ಹತೋಟಿಯಲ್ಲಿರುತ್ತದೆ. ಡಕ್ಟೆಡ್ ಫ್ಯಾನಿನ ಗಾಳಿಯಾದರೋ ನೇರವಾಗಿ ಹಿಂದಕ್ಕೆ ಹೊರಟುಹೋಗುತ್ತದೆ. ವೇಗ ತಗ್ಗಿದರೆ ಹತೋಟಿಯೂ ತಪ್ಪುತ್ತದೆ. ಥ್ರಾಟಲ್ ಏರಿಸಿದ ಬಳಿಕ ಫ್ಯಾನ್ ಪೂರ್ಣ ವೇಗಕ್ಕೆ ಬರಲು ಕ್ಷಣಕಾಲ ಬೇಕು. ಇಳಿಯುವ ಹೊತ್ತಿನಲ್ಲಿ ಆ ಕ್ಷಣವೇ ನಿರ್ಣಾಯಕ.

ಚಿಕ್ಕದು, ದೊಡ್ಡದು, ನಡುವಣದು

50 ಮತ್ತು 64 ಮಿ.ಮೀ. ವಿಮಾನಗಳಲ್ಲಿ ಹಲವನ್ನು ಕೈಯಿಂದ ಎಸೆದು ಹಾರಿಸಬೇಕು. ಎಸೆದ ಗಳಿಗೆಯಲ್ಲಿ ವೇಗವಿಲ್ಲದ ಕಾರಣ ಹತೋಟಿ ಅತ್ಯಲ್ಪ. ಹಗುರಾದ್ದರಿಂದ ಗಾಳಿಗೆ ಹೊಯ್ದಾಡುತ್ತವೆ. ಗಂಟೆಗೆ 100 ಕಿ.ಮೀ. ವೇಗದ ವಿಮಾನ ಐದು ಸೆಕೆಂಡಿನಲ್ಲಿ ಸುಮಾರು 140 ಮೀಟರ್ ಕ್ರಮಿಸುತ್ತದೆ. ಅಷ್ಟು ದೂರದಲ್ಲಿ ಪುಟ್ಟ ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ಎಂಬುದೇ ತಿಳಿಯದು.

90 ಮಿ.ಮೀ. ಫ್ಯಾನಿನ ವೃತ್ತ 64ರದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ವಿಮಾನ ಸ್ಥಿರವಾಗಿ ಹಾರುತ್ತದೆ, ದೂರಕ್ಕೂ ಕಾಣುತ್ತದೆ. ಆದರೆ ತೂಕ, ಬ್ಯಾಟರಿಯ ಬೆಲೆ, ಬೇಕಾಗುವ ಓಡುಹಾದಿಯ ಉದ್ದ ಎಲ್ಲವೂ ಹೆಚ್ಚು. ಬಿದ್ದರೆ ನಷ್ಟ ಕೊಂಡವರಿಗಷ್ಟೇ ಅಲ್ಲ. ಕೆಳಗೆ ನಿಂತವರ ಜೀವಕ್ಕೂ ಅಪಾಯ.

ಆದ್ದರಿಂದ ಹೊಸಬರಿಗೆ 70 ಮಿ.ಮೀ. ಸೂಕ್ತ. ಆದರೆ ಅಳತೆಯಷ್ಟೇ ರೆಕ್ಕೆಯೂ ಮುಖ್ಯ. ಯುದ್ಧವಿಮಾನದ ಚೂಪು ರೆಕ್ಕೆಗಿಂತ ಅಗಲವಾದ, ದಪ್ಪನೆಯ ರೆಕ್ಕೆ ನಿಧಾನಗತಿಯಲ್ಲಿ ಹೆಚ್ಚು ಕ್ಷಮಿಸುತ್ತದೆ. ತೂಕಕ್ಕೆ ಹೋಲಿಸಿದರೆ ರೆಕ್ಕೆಯ ವಿಸ್ತೀರ್ಣ ಹೆಚ್ಚಿದ್ದಷ್ಟೂ ಇಳಿಸುವುದು ಸುಲಭ. ಇ-ಫ್ಲೈಟ್ ಸಂಸ್ಥೆಯ 70 ಮಿ.ಮೀ. 'ಹಾಬು ಎಸ್‌ಟಿಎಸ್' ಕಲಿಕೆಗೆಂದೇ ರೂಪಿಸಿದ್ದು, ವಾಲಿದ ವಿಮಾನವನ್ನು ತಾನೇ ಸಮಸ್ಥಿತಿಗೆ ತರುವ ವ್ಯವಸ್ಥೆ ಅದರಲ್ಲಿದೆ.

ಸಮಯ ಮತ್ತು ಕಾನೂನು

4000 ಎಂಎಎಚ್ ಬ್ಯಾಟರಿಯಿಂದ ಸರಾಸರಿ 60 ಆಂಪಿಯರ್ ಸೆಳೆದರೆ ನಾಲ್ಕೇ ನಿಮಿಷದಲ್ಲಿ ಅದು ಬರಿದು. ಶೇ. 20ರಷ್ಟು ಉಳಿಸಿಕೊಳ್ಳುವುದು ಕ್ಷೇಮಕರವಾದ್ದರಿಂದ ಸಿಗುವುದು ಮೂರು ನಿಮಿಷ ಚಿಲ್ಲರೆ. ಇಳಿಸಲು ಎರಡನೇ ಯತ್ನಕ್ಕೂ ಇದರಲ್ಲೇ ಅವಕಾಶ ಇರಿಸಿಕೊಳ್ಳಬೇಕು. ಲಿಥಿಯಂ ಪಾಲಿಮರ್ ಬ್ಯಾಟರಿಗೆ ಪೆಟ್ಟು ಬಿದ್ದರೆ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆಯಿದೆ. ಚಾರ್ಜ್ ಮಾಡುವಾಗ ಎದುರಿನಲ್ಲೇ ಇರುವುದು ಅವಶ್ಯ.

ಭಾರತದಲ್ಲಿ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ, 2 ಕಿಲೋ ಮೀರದ ವಿಮಾನ 'ಮೈಕ್ರೋ' ವರ್ಗಕ್ಕೆ ಸೇರುತ್ತದೆ. ವಾಣಿಜ್ಯೇತರ ಬಳಕೆಗಾದರೆ ಈ ವರ್ಗಕ್ಕೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಾಗಾಗಿ ಕೊಳ್ಳುವ ಮುನ್ನ ಬ್ಯಾಟರಿ ಸಹಿತ ತೂಕ ನೋಡಿಕೊಳ್ಳುವುದು ಒಳಿತು. ಹಾರಿಸುವ ಸ್ಥಳ ಹಸಿರು ವಲಯದಲ್ಲಿದೆಯೇ ಎಂಬುದನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಪರಿಶೀಲಿಸಬೇಕು. ವಿಮಾನ ನಿಲ್ದಾಣಗಳಿರುವ ನಗರಗಳ ನಿವಾಸಿಗಳಂತೂ ಇದನ್ನು ಮರೆಯಬಾರದು.

ಅಂದಹಾಗೆ, 70 ಮಿ.ಮೀ. ಜೆಟ್ ಕೂಡ ಮೊಟ್ಟಮೊದಲ ವಿಮಾನವಾಗಬಾರದು. ಪ್ರೊಪೆಲ್ಲರ್ ಇರುವ ತರಬೇತಿ ವಿಮಾನವನ್ನು ನೆರವಿಲ್ಲದೆ ಹತ್ತಾರು ಬಾರಿ ಸುರಕ್ಷಿತವಾಗಿ ಇಳಿಸಿದ ಕೈಗೆ ಮಾತ್ರ ಜೆಟ್ ಒಲಿಯುತ್ತದೆ.