ಜಾಲದ ನೆನಪು ಎಲ್ಲಿರಬೇಕು? ಗಣಕಜಾಲ ವಿನ್ಯಾಸದ ಒಂದು ಆಯ್ಕೆ

ಗಣಕಜಾಲಗಳ ರಚನೆಯಲ್ಲಿ ಬಹುಕಾಲ ವಾದಕ್ಕೆ ಎಡೆಗೊಟ್ಟ ಪ್ರಶ್ನೆಯೊಂದಿದೆ. ಎರಡು ಗಣಕಗಳ ನಡುವಣ ಸಂವಾದ ಎಲ್ಲಿಯವರೆಗೆ ಸಾಗಿದೆಯೆಂಬ ನೆನಪನ್ನು ಇಟ್ಟುಕೊಳ್ಳಬೇಕಾದುದು ಜಾಲವೋ, ತುದಿಯ ಗಣಕಗಳೋ? ದೂರವಾಣಿ ಪರಂಪರೆಯ ತಂತ್ರಜ್ಞರು ಜಾಲವೇ ಎಂದರು. 1976ರಲ್ಲಿ ಅಂಗೀಕೃತವಾದ ಎಕ್ಸ್.25 ನಿಯಮಾವಳಿಯಲ್ಲಿ ಮೊದಲು ಕರೆ ಏರ್ಪಡಬೇಕು. ಪೊಟ್ಟಣಗಳು ಕ್ರಮ ತಪ್ಪದೆ ತಲಪುವ ಹೊಣೆ ಜಾಲದ್ದು.

ಫ್ರಾನ್ಸಿನ ಲೂಯಿ ಪೂಜಾಂ ಅವರು 1970ರ ದಶಕದ ಸಿಕ್ಲಾಡ್ ಜಾಲದಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. ಪ್ರತಿ ಪೊಟ್ಟಣವೂ ಅಂಚೆಯ ಕಾಗದದಂತೆ ತನ್ನ ವಿಳಾಸವನ್ನು ಹೊತ್ತು ಒಂಟಿಯಾಗಿ ಸಾಗುತ್ತದೆ. ಕಳೆದುಹೋದುದನ್ನು ಮತ್ತೆ ತರಿಸಿಕೊಳ್ಳುವ ಕೆಲಸ ತುದಿಯವರದು. 1974ರಲ್ಲಿ ಸರ್ಫ್ ಮತ್ತು ಕಾನ್ ಪ್ರಕಟಿಸಿದ ವಿನ್ಯಾಸವೂ ಈ ಜಾಡಿನದೇ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಟಿಸಿಪಿ/ಐಪಿಗೆ ಬದಲಾಯಿತು.

ಈ ಆಯ್ಕೆಯ ತರ್ಕವನ್ನು ಡೇವಿಡ್ ಕ್ಲಾರ್ಕ್ 1988ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ನಡುವಿನ ಯಂತ್ರ ಕೆಟ್ಟರೂ ಸಂವಾದ ಮುರಿಯಬಾರದು. ನೆನಪು ತುದಿಯಲ್ಲಿದ್ದರೆ ಆ ಗಣಕವೇ ಅಳಿದಾಗ ಮಾತ್ರ ಅದು ಅಳಿಯುತ್ತದೆ. ಅವರು ಕೊಟ್ಟ ಗುರಿಗಳ ಪಟ್ಟಿಯಲ್ಲಿ ಬಳಕೆಯ ಲೆಕ್ಕವಿಡುವುದು ಕೊನೆಯದು. ದೂರವಾಣಿ ಸಂಸ್ಥೆಯಾಗಿದ್ದರೆ ಅದೇ ಮೊದಲಿನ ಸಾಲಿಗೆ ಬರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಬೆಲೆಯನ್ನೂ ತೆರಬೇಕಾಯಿತು. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕಲಿ ಪ್ರಯೋಗಾಲಯ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳ ನಡುವೆ, ಕೇವಲ 400 ಗಜಗಳ ಅಂತರದಲ್ಲಿ, ಸೆಕೆಂಡಿಗೆ 32,000 ಬಿಟ್‌ಗಳಷ್ಟಿದ್ದ ವೇಗ 40 ಬಿಟ್‌ಗಳಿಗೆ ಕುಸಿಯಿತು. ಉತ್ತರ ತಡವಾದಷ್ಟೂ ಗಣಕಗಳು ಅದೇ ಪೊಟ್ಟಣವನ್ನು ಮತ್ತೆ ಮತ್ತೆ ಕಳುಹಿಸಿ ದಾರಿಯನ್ನು ಇನ್ನಷ್ಟು ಕಿಕ್ಕಿರಿಸಿದ್ದವು. ವ್ಯಾನ್ ಜೇಕಬ್ಸನ್ ಸೂಚಿಸಿದ ಪರಿಹಾರವೂ ತುದಿಯಲ್ಲೇ ನಿಂತಿತು: ಮೆಲ್ಲನೆ ಆರಂಭಿಸು, ಪೊಟ್ಟಣ ಕಳೆದರೆ ವೇಗ ತಗ್ಗಿಸು. ಎಲ್ಲರೂ ಈ ಸಂಯಮವನ್ನು ಪಾಲಿಸುವರೆಂಬ ನಂಬಿಕೆಯ ಮೇಲೆ ಜಾಲ ನಿಂತಿದೆ. ನನ್ನ ದೃಷ್ಟಿಯಲ್ಲಿ ವಿನ್ಯಾಸದ ಅತ್ಯಂತ ದುರ್ಬಲ ಭಾಗವಿದು.

1986ರಲ್ಲಿಯೇ ನಮ್ಮಲ್ಲಿ ಅರ್ನೆಟ್ ಯೋಜನೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಹಾಗೂ ಮುಂಬಯಿಯ ಎನ್‌ಸಿಎಸ್‌ಟಿ ಅದರಲ್ಲಿ ಪಾಲ್ಗೊಂಡವು. ಮೊದಲು ಒಎಸ್‌ಐ ನಿಯಮಾವಳಿಗೂ ಎಡೆಯಿತ್ತು. 1990ರ ದಶಕದ ನಡುಭಾಗದ ಹೊತ್ತಿಗೆ ಟಿಸಿಪಿ/ಐಪಿಯೇ ಪ್ರಧಾನವಾಯಿತು.

ಆದರೆ ನೆನಪು ಮತ್ತೆ ನಡುದಾರಿಗೆ ಮರಳಿದೆ. 32 ಬಿಟ್‌ಗಳ ವಿಳಾಸ ಸುಮಾರು 430 ಕೋಟಿ ಸಂಖ್ಯೆಗಳಿಗೆ ಮಾತ್ರ ಸಾಲುತ್ತದೆ. ಆದ್ದರಿಂದ ಒಂದೇ ವಿಳಾಸವನ್ನು ಹಲವು ಗಣಕಗಳಿಗೆ ಹಂಚುವ ಯಂತ್ರಗಳು ಮನೆ, ಕಚೇರಿಗಳಲ್ಲಿ ಕುಳಿತಿವೆ. ಪ್ರತಿ ಸಂವಾದದ ದಾಖಲೆ ಅವುಗಳಲ್ಲಿರುತ್ತದೆ. ವಿದ್ಯುತ್ ಹೋಗಿ ಆ ಯಂತ್ರ ಮತ್ತೆ ಚಾಲೂ ಆದಾಗ, ಎರಡು ತುದಿಗಳೂ ಸುಸ್ಥಿತಿಯಲ್ಲಿದ್ದರೂ ಸಂವಾದ ಕಡಿದಿರುತ್ತದೆ.